ಇಳಿದ ತೂಕ ಮರಳಿ ಬಂದಾಗ: ಒಂದು ಟಿವಿ ಸ್ಪರ್ಧೆಯ 14 ಮಂದಿಯ ಪ್ರಕರಣ

ತೂಕ ಇಳಿಸುವುದು ಹೇಗೆ ಅಂತ ಹೇಳಿಕೊಡುವವರು ಬೀದಿಗೊಬ್ಬರು ಸಿಗುತ್ತಾರೆ. ಇಳಿದ ತೂಕವನ್ನು ಐದಾರು ವರ್ಷ ಹಾಗೇ ಕಾಪಾಡಿಕೊಳ್ಳುವುದು ಹೇಗೆ ಅಂತ ಕೇಳಿ ನೋಡಿ. ಹೆಚ್ಚಿನವರು "ಅದೇ ಡಯಟ್ ಮುಂದುವರಿಸಿ" ಅಂದು ಮಾತು ಮುಗಿಸುತ್ತಾರೆ. ಮತ್ತೆ ತೂಕ ಏರಿದರೆ ತಪ್ಪೆಲ್ಲ ಏರಿಸಿಕೊಂಡವರದ್ದೇ. ಬಾಯಿ ಕಟ್ಟಲಿಲ್ಲ, ಸೋಮಾರಿಯಾದರು, ಮನಸ್ಸು ಗಟ್ಟಿ ಇಲ್ಲ. ಇಂಥ ಮಾತು ಕೇಳಿ ಕುಗ್ಗಿಹೋದವರು ನಮ್ಮ ನಮ್ಮ ಮನೆಗಳಲ್ಲೇ ಇದ್ದಾರೆ.

ಈ ಮಾತುಗಳು ಎಷ್ಟು ನಿಜ ಅಂತ ಪರೀಕ್ಷಿಸಲು ಒಂದು ಒಳ್ಳೆಯ ಪ್ರಕರಣ ಇದೆ. ನಡೆದದ್ದು ಅಮೆರಿಕದಲ್ಲಿ, ಒಂದು ಟಿವಿ ಸ್ಪರ್ಧೆಯಲ್ಲಿ. ಸ್ಪರ್ಧೆಯ ರೀತಿ ನನಗೆ ಇಷ್ಟವಾಗುವುದಿಲ್ಲ. ಆದರೂ ಅದನ್ನೇ ಆರಿಸಿಕೊಳ್ಳಲು ಕಾರಣ ಇದೆ. ತೂಕ ಇಳಿಸುವ ಮುಂಚೆ, ಇಳಿಸಿದ ಕೂಡಲೇ, ಮತ್ತೆ ಆರು ವರ್ಷ ಕಳೆದ ಮೇಲೆ, ಹೀಗೆ ಮೂರು ಸಲ ಅದೇ ಜನರ ದೇಹವನ್ನು ಪ್ರಯೋಗಾಲಯದಲ್ಲಿ ಅಳೆದ ಉದಾಹರಣೆಗಳು ತೀರಾ ಕಡಿಮೆ. ಇಲ್ಲಿ ಅದು ಆಗಿದೆ.

ಸ್ಪರ್ಧೆ

ಕಾರ್ಯಕ್ರಮದ ಹೆಸರು ‘ದಿ ಬಿಗ್ಗೆಸ್ಟ್ ಲೂಸರ್’. ಎನ್‌ಬಿಸಿ ವಾಹಿನಿಯಲ್ಲಿ ಬರುತ್ತಿತ್ತು. ತುಂಬಾ ದಪ್ಪ ಇರುವವರನ್ನು ಒಂದು ಕಡೆ ಸೇರಿಸಿ, ದಿನಕ್ಕೆ ಗಂಟೆಗಟ್ಟಲೆ ವ್ಯಾಯಾಮ ಮಾಡಿಸಿ, ಊಟ ಕಡಿಮೆ ಮಾಡಿಸಿ, ವಾರವಾರವೂ ಎಲ್ಲರೆದುರು ತೂಕ ಹಾಕಿಸುತ್ತಿದ್ದರು. ಮೊದಲ ಕೆಲವು ವಾರ ಅಲ್ಲೇ ವಾಸ. ಆಮೇಲೆ ಮನೆಗೆ ಹೋಗಿ ಅದನ್ನೇ ಮುಂದುವರಿಸಬೇಕು. ಒಟ್ಟು 30 ವಾರ. ಕೊನೆಯಲ್ಲಿ ಅತಿ ಹೆಚ್ಚು ಇಳಿಸಿದವರಿಗೆ ಬಹುಮಾನ.

2009ರ ಎಂಟನೇ ಸೀಸನ್ ಗೆದ್ದವರು ಡ್ಯಾನಿ ಕೇಹಿಲ್. ಓಕ್ಲಹೋಮಾ ರಾಜ್ಯದವರು, ಜಮೀನು ಅಳೆಯುವ ಸರ್ವೇಯರ್. ಶುರುವಿನಲ್ಲಿ 430 ಪೌಂಡ್ ಇದ್ದರು, ಅಂದರೆ ಸುಮಾರು 195 ಕೆಜಿ. ಡಿಸೆಂಬರ್ 8ರ ಫಿನಾಲೆಯಲ್ಲಿ ತಕ್ಕಡಿ ತೋರಿಸಿದ್ದು 191 ಪೌಂಡ್, ಸುಮಾರು 87 ಕೆಜಿ. ಏಳು ತಿಂಗಳಲ್ಲಿ 108 ಕೆಜಿ ಇಳಿದಿತ್ತು. ಆ ಕಾರ್ಯಕ್ರಮದಲ್ಲಿ ಅಲ್ಲಿಯ ತನಕ ಯಾರೂ ಅಷ್ಟು ಇಳಿಸಿರಲಿಲ್ಲ.

ಅದಕ್ಕಾಗಿ ಅವರು ಏನು ಮಾಡಿದರು ಅನ್ನುವುದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2016ರಲ್ಲಿ ವಿವರವಾಗಿ ಬರೆಯಿತು. ಮನೆಗೆ ಬಂದ ಮೇಲೆ ಅವರು ಕೆಲಸವನ್ನೇ ಬಿಟ್ಟರು. ದಿನಕ್ಕೆ 3,500 ಕ್ಯಾಲೊರಿ ಕೊರತೆ ಮಾಡಿಕೊಳ್ಳಬೇಕು ಅಂತ ಗುರಿ ಇಟ್ಟುಕೊಂಡರು. ಬೆಳಗ್ಗೆ ಐದಕ್ಕೆ ಎದ್ದು 45 ನಿಮಿಷ ಟ್ರೆಡ್‌ಮಿಲ್. ಒಂದಿಷ್ಟು ತಿಂಡಿ. ಮತ್ತೆ 45 ನಿಮಿಷ ಟ್ರೆಡ್‌ಮಿಲ್. ಆಮೇಲೆ ಸೈಕಲ್ ತುಳಿದುಕೊಂಡು ಜಿಮ್‌ಗೆ, ಅಲ್ಲಿ ಎರಡೂವರೆ ಗಂಟೆ. ಮಧ್ಯಾಹ್ನ ಚರ್ಮ ತೆಗೆದ ಕೋಳಿ, ಬ್ರಾಕೊಲಿ. ಸ್ವಲ್ಪ ವಿಶ್ರಾಂತಿ, ಮತ್ತೆ ಜಿಮ್. ರಾತ್ರಿ ಲೆಕ್ಕ ಕಡಿಮೆ ಬಿದ್ದರೆ ಊಟದ ನಂತರ ಇನ್ನೊಂದು ಸುತ್ತು. ಕೆಲವು ದಿನ ಮಧ್ಯರಾತ್ರಿ ಹನ್ನೆರಡರ ತನಕ ಕತ್ತಲಲ್ಲೇ ಓಣಿಯಲ್ಲಿ ಓಡುತ್ತಿದ್ದರಂತೆ.

ಈ ದಿನಚರಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಆದದ್ದಕ್ಕೆಲ್ಲ ಇದೇ ಮೂಲ ಅಂತ ನನಗೆ ಅನಿಸುತ್ತದೆ.

ಆರು ವರ್ಷದ ಮೇಲೆ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅನ್ನುವ ವಿಜ್ಞಾನಿ ಇದ್ದರು. ಅವರ ತಂಡ ಆ ಸೀಸನ್ನಿನ 16 ಸ್ಪರ್ಧಿಗಳನ್ನು ಶುರುವಿನಲ್ಲೂ ಕೊನೆಯಲ್ಲೂ ಅಳೆದಿತ್ತು. ಆರು ವರ್ಷ ಬಿಟ್ಟು ಅವರಲ್ಲಿ 14 ಮಂದಿ ಮತ್ತೆ ಅಳತೆಗೆ ಬಂದರು. ಎಂಟು ಹೆಂಗಸರು, ಆರು ಗಂಡಸರು. ವರದಿ 2016ರಲ್ಲಿ ‘ಒಬೆಸಿಟಿ’ ಅನ್ನುವ ವೈಜ್ಞಾನಿಕ ಪತ್ರಿಕೆಯಲ್ಲಿ ಬಂತು.

ಮೊದಲು ತೂಕದ ಲೆಕ್ಕ ನೋಡೋಣ. ಶುರುವಿನಲ್ಲಿ ಸರಾಸರಿ 149 ಕೆಜಿ. ಸ್ಪರ್ಧೆ ಮುಗಿದಾಗ 91. ಆರು ವರ್ಷದ ನಂತರ 132. ಅಂದರೆ 58 ಕೆಜಿ ಇಳಿಸಿ 41 ಕೆಜಿ ವಾಪಸ್ ಪಡೆದಿದ್ದರು. 14ರಲ್ಲಿ 13 ಮಂದಿಗೆ ಒಂದಲ್ಲ ಒಂದಷ್ಟು ತೂಕ ಮರಳಿತ್ತು. ಕೆಲವರು ಮುಂಚಿಗಿಂತಲೂ ಜಾಸ್ತಿ ಆಗಿದ್ದರು.

ಜನರನ್ನು ಬೆಚ್ಚಿಬೀಳಿಸಿದ್ದು ಎರಡನೇ ಲೆಕ್ಕ. ನಾವು ಸುಮ್ನೆ ಮಲಗಿದ್ದರೂ ದೇಹ ಕ್ಯಾಲೊರಿ ಸುಡುತ್ತಲೇ ಇರುತ್ತದೆ. ಹೃದಯ ಬಡಿಯಬೇಕು, ಉಸಿರಾಡಬೇಕು, ಮೆದುಳು ನಡೆಯಬೇಕು, ಮೈ ಬಿಸಿ ಇರಬೇಕು. ಇದು ವಿಶ್ರಾಂತಿಯ ಖರ್ಚು. ಶುರುವಿನಲ್ಲಿ ಈ 14 ಮಂದಿಯ ವಿಶ್ರಾಂತಿಯ ಖರ್ಚು ದಿನಕ್ಕೆ ಸರಾಸರಿ 2,607 ಕ್ಯಾಲೊರಿ. ಸ್ಪರ್ಧೆ ಮುಗಿದಾಗ 1,996. ದೇಹ ಚಿಕ್ಕದಾದರೆ ಖರ್ಚು ಇಳಿಯುವುದು ಸಹಜ. ಆದರೆ ಅಷ್ಟು ಚಿಕ್ಕದಾದ ದೇಹಕ್ಕೆ ಎಷ್ಟು ಖರ್ಚಾಗಬೇಕೋ ಅದಕ್ಕಿಂತಲೂ 275 ಕ್ಯಾಲೊರಿ ಕಡಿಮೆ ಇತ್ತು.

ತೂಕ ಮರಳಿದ ಮೇಲೆ ಈ ಖರ್ಚೂ ಮರಳುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಮರಳಲಿಲ್ಲ. ಆರು ವರ್ಷದ ನಂತರ 1,903 ಕ್ಯಾಲೊರಿ. 41 ಕೆಜಿ ವಾಪಸ್ ಬಂದರೂ ಖರ್ಚು ಇನ್ನೂ ಕೆಳಗೇ ಇತ್ತು. ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ. ಕೇಹಿಲ್ ಅವರಿಗೆ ಆ ಅಂತರ 800 ಕ್ಯಾಲೊರಿ. ಅದೇ ಎತ್ತರ, ಅದೇ ತೂಕ, ಅದೇ ವಯಸ್ಸಿನ ಇನ್ನೊಬ್ಬ ಗಂಡಸು ತಿನ್ನುವಷ್ಟೇ ಇವರೂ ತಿಂದರೆ ಇವರ ತೂಕ ಏರುತ್ತಲೇ ಹೋಗುತ್ತದೆ.

ಮೂರನೆಯದು ಲೆಪ್ಟಿನ್. ಇದು ಕೊಬ್ಬಿನ ಕಣಗಳಿಂದಲೇ ಬರುವ ಹಾರ್ಮೋನು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಇದರ ಜೀನ್ ಪತ್ತೆಹಚ್ಚಿತು. ಮೈಯಲ್ಲಿ ಎಷ್ಟು ದಾಸ್ತಾನು ಇದೆ ಅಂತ ಮೆದುಳಿಗೆ ತಿಳಿಸುವುದು ಇದರ ಕೆಲಸ. ಲೆಪ್ಟಿನ್ ಕಡಿಮೆಯಾದರೆ ಮೆದುಳು ಬರಗಾಲ ಬಂತು ಅಂತ ತಿಳಿದುಕೊಳ್ಳುತ್ತದೆ. ಹಸಿವು ಏರಿಸುತ್ತದೆ, ಖರ್ಚು ಇಳಿಸುತ್ತದೆ. ಸ್ಪರ್ಧಿಗಳಲ್ಲಿ ಶುರುವಿಗೆ ಲೆಪ್ಟಿನ್ ಮಟ್ಟ 41 ಇತ್ತು. ಸ್ಪರ್ಧೆ ಮುಗಿದಾಗ 2.6. ಹೆಚ್ಚುಕಡಿಮೆ ಬರಿದಾಗಿತ್ತು. ಆರು ವರ್ಷದ ನಂತರವೂ 28ರ ಆಸುಪಾಸಿಗಷ್ಟೇ ಬಂದಿತ್ತು.

ಫಿನಾಲೆಯ ರಾತ್ರಿ ಆ ವೇದಿಕೆಯ ಮೇಲೆ ನಿಂತು ಕೈ ಬೀಸಿದವರ ಮೆದುಳಿಗೆ ದೇಹದಿಂದ ಹೋಗುತ್ತಿದ್ದದ್ದು ಉಪವಾಸದ ಸುದ್ದಿ. ನೋಡುವವರಿಗೆ ಅದು ಗೆಲುವು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ವರದಿಯ ಒಳಗಿನ ಒಂದು ಸಾಲು

ಪತ್ರಿಕೆಗಳು, ಟಿವಿಗಳು ಈ ಸುದ್ದಿಯನ್ನು ಹೀಗೆ ಹೇಳಿದವು: ಡಯಟ್ ಮಾಡಿದ್ದರಿಂದ ಅವರ ಮೆಟಬಾಲಿಸಂ, ಅಂದರೆ ದೇಹ ಕ್ಯಾಲೊರಿ ಸುಡುವ ಕ್ರಿಯೆ, ಕೆಟ್ಟುಹೋಯಿತು, ಅದಕ್ಕೇ ತೂಕ ಮರಳಿತು. ಇವತ್ತಿಗೂ ಜಿಮ್ ಟ್ರೇನರುಗಳು, ಯೂಟ್ಯೂಬ್ ವಿಡಿಯೋ ಮಾಡುವವರು ಇದನ್ನೇ ಹೇಳುತ್ತಾರೆ. ಕೇಳಲು ಸರಿಯಾಗಿಯೇ ಇದೆ ಅಲ್ವಾ?

ಆದರೆ ವರದಿಯಲ್ಲೇ ಇರುವ ಮಾತು ಬೇರೆ. ಸ್ಪರ್ಧೆ ಮುಗಿದಾಗ ಯಾರ ಖರ್ಚು ಎಷ್ಟು ಇಳಿದಿತ್ತು ಅನ್ನುವುದಕ್ಕೂ, ಮುಂದೆ ಯಾರಿಗೆ ಎಷ್ಟು ತೂಕ ಮರಳಿತು ಅನ್ನುವುದಕ್ಕೂ ಸಂಬಂಧ ಕಾಣಲಿಲ್ಲ. ಆರು ವರ್ಷದ ನಂತರ ನೋಡಿದಾಗ ಲೆಕ್ಕ ಉಲ್ಟಾ ಇತ್ತು. ತೂಕವನ್ನು ಚೆನ್ನಾಗಿ ಕಾಪಾಡಿಕೊಂಡವರ ವಿಶ್ರಾಂತಿಯ ಖರ್ಚೇ ಜಾಸ್ತಿ ಕುಸಿದಿತ್ತು. ಆ ಗುಂಪಿನಲ್ಲಿ ಒಬ್ಬ ಮಹಿಳೆ ಮಾತ್ರ ಸ್ಪರ್ಧೆ ಮುಗಿದ ದಿನಕ್ಕಿಂತಲೂ ಕಡಿಮೆ ತೂಕದಲ್ಲಿದ್ದರು. ಅವರ ದೇಹವೂ ಇರಬೇಕಾದ್ದಕ್ಕಿಂತ 500ಕ್ಕೂ ಹೆಚ್ಚು ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಆದರೂ ತೂಕ ನಿಂತಿತ್ತು.

ಇದು ಚಿಕ್ಕ ವಿಷಯ ಅಲ್ಲ. "ನನ್ನ ಮೆಟಬಾಲಿಸಂ ಹಾಳಾಗಿದೆ, ಇನ್ನೇನೂ ಮಾಡೋಕಾಗಲ್ಲ" ಅಂತ ಕೈಚೆಲ್ಲಿ ಕೂತ ಎಷ್ಟೋ ಜನರಿಗೆ ಈ ಸಾಲನ್ನು ತೋರಿಸಬೇಕು. ಖರ್ಚು ಇಳಿಯುವುದು ನಿಜ. ಅದರಿಂದ ಕಷ್ಟ ಹೆಚ್ಚುವುದೂ ನಿಜ. ಆದರೆ ಯಾರ ತೂಕ ಉಳಿಯುತ್ತದೆ, ಯಾರದ್ದು ಮರಳುತ್ತದೆ ಅನ್ನುವುದನ್ನು ತೀರ್ಮಾನಿಸಿದ್ದು ಅದಲ್ಲ.

ಇನ್ನೂ ಒಂದು ಮಾತು. ಈ 14 ಮಂದಿ ಸೋತರು ಅಂತ ಬರೆದವರು ಪೂರ್ತಿ ಲೆಕ್ಕ ಹೇಳಲಿಲ್ಲ. ಅವರಲ್ಲಿ ಎಂಟು ಮಂದಿ, ಅಂದರೆ ಅರ್ಧಕ್ಕಿಂತ ಜಾಸ್ತಿ ಜನ, ಆರು ವರ್ಷದ ನಂತರವೂ ಮೊದಲ ತೂಕಕ್ಕಿಂತ ಕನಿಷ್ಠ ಶೇ. 10ರಷ್ಟು ಕೆಳಗಿದ್ದರು. ಅಮೆರಿಕದಲ್ಲೇ ಸಕ್ಕರೆ ಕಾಯಿಲೆ ಇರುವ ಸಾವಿರಾರು ಜನರ ಮೇಲೆ ‘ಲುಕ್ ಅಹೆಡ್’ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ಅಲ್ಲಿ ವರ್ಷಗಟ್ಟಲೆ ಸಲಹೆ, ಸಹಾಯ ಪಡೆದವರಲ್ಲೂ ಎಂಟು ವರ್ಷದ ಹೊತ್ತಿಗೆ ಶೇ. 10ರಷ್ಟು ಇಳಿಕೆ ಉಳಿಸಿಕೊಂಡವರು ಸುಮಾರು ಕಾಲುಭಾಗ ಮಾತ್ರ. ಎರಡೂ ಗುಂಪು ಬೇರೆ ಬೇರೆ, ಒಂದಕ್ಕೊಂದು ನೇರವಾಗಿ ಹೋಲಿಸುವಂತಿಲ್ಲ. ಆದರೂ ಟಿವಿ ಸ್ಪರ್ಧಿಗಳು ಕೈಲಾಗದವರು ಅನ್ನುವುದು ಸರಿಯಲ್ಲ ಅಂತ ಗೊತ್ತಾಗುತ್ತದೆ.

ಹಸಿವಿನ ಲೆಕ್ಕ

ತೂಕ ಇಳಿದಾಗ ದೇಹ ಎರಡು ಕಡೆಯಿಂದ ಎಳೆಯುತ್ತದೆ. ಒಂದು ಕಡೆ ಖರ್ಚು ಕಡಿಮೆ ಮಾಡುತ್ತದೆ. ಇನ್ನೊಂದು ಕಡೆ ಹಸಿವು ಹೆಚ್ಚಿಸುತ್ತದೆ. ಇದರಲ್ಲಿ ಯಾವುದರ ಬಲ ಜಾಸ್ತಿ?

ಇದಕ್ಕೂ ಹಾಲ್ ಅವರ ತಂಡ 2016ರಲ್ಲೇ ಉತ್ತರ ಹುಡುಕಿತು. ಸಕ್ಕರೆ ಕಾಯಿಲೆಗೆ ಕೊಡುವ ಒಂದು ಔಷಧಿ ಇದೆ. ಅದು ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುತ್ತದೆ. ಹಾಗಾಗಿ ತೆಗೆದುಕೊಳ್ಳುವವರಿಗೆ ಗೊತ್ತಾಗದಂತೆಯೇ ದಿನವೂ ಒಂದಷ್ಟು ಕ್ಯಾಲೊರಿ ಹೋಗುತ್ತದೆ. ಡಯಟ್ ಮಾಡುತ್ತಿದ್ದೇನೆ ಅನ್ನುವ ಯೋಚನೆಯೇ ಇಲ್ಲ. ತೂಕ ಸ್ವಲ್ಪ ಇಳಿದು ನಿಲ್ಲುತ್ತದೆ. ಯಾಕೆ ನಿಂತಿತು ಅಂತ ಲೆಕ್ಕ ಹಾಕಿದಾಗ ಕಂಡದ್ದು ಇದು: ಇಳಿದ ಪ್ರತಿ ಒಂದು ಕೆಜಿಗೆ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ. ಹಸಿವು ಮಾತ್ರ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಹಸಿವಿನ ಎಳೆತ ಮೂರು ನಾಲ್ಕು ಪಟ್ಟು ಜೋರು.

ಐದು ಕೆಜಿ ಇಳಿಸಿದವರನ್ನು ತೆಗೆದುಕೊಳ್ಳಿ. ಮುಂಚೆ ತಿನ್ನುತ್ತಿದ್ದದ್ದಕ್ಕಿಂತ ದಿನಕ್ಕೆ 500 ಕ್ಯಾಲೊರಿ ಜಾಸ್ತಿ ತಿನ್ನಬೇಕು ಅಂತ ದೇಹ ಕೇಳುತ್ತದೆ. ಹೋಟೆಲಿನ ಒಂದು ಮಸಾಲೆ ದೋಸೆ, ಜೊತೆಗೆ ಸಕ್ಕರೆ ಹಾಕಿದ ಕಾಫಿ, ಹೆಚ್ಚುಕಡಿಮೆ ಅಷ್ಟು. ಒಂದು ದಿನ ಅಲ್ಲ, ಎಲ್ಲ ದಿನವೂ. ಅದೇ ಹೊತ್ತಿಗೆ ಖರ್ಚು ನೂರು ನೂರೈವತ್ತು ಇಳಿದಿರುತ್ತದೆ. "ಡಯಟ್ ಮುಗೀತು, ಇನ್ನು ಮಾಮೂಲಿ ಊಟ ಮಾಡ್ತೀನಿ" ಅಂದುಕೊಂಡವರಿಗೆ ಆ ಮಾಮೂಲಿ ಊಟ ಸಾಲುವುದೇ ಇಲ್ಲ. ಎದ್ದು ಹೋಗಿ ಡಬ್ಬಿ ತೆಗೆಯುವಂತಾಗುತ್ತದೆ. ಅವರು ಅದನ್ನು ತಮ್ಮ ದೌರ್ಬಲ್ಯ ಅಂತ ತಿಳಿದುಕೊಳ್ಳುತ್ತಾರೆ.

ಈ ಹಸಿವು ನಾಲ್ಕು ದಿನದಲ್ಲಿ ಅಡಗುವುದೂ ಇಲ್ಲ. ಮೆಲ್ಬೋರ್ನಿನಲ್ಲಿ 50 ಮಂದಿಯನ್ನು 10 ವಾರ ಕಟ್ಟುನಿಟ್ಟಾದ ಡಯಟ್‌ನಲ್ಲಿ ಇಟ್ಟು, ವರ್ಷ ಕಳೆದ ಮೇಲೆ ರಕ್ತ ಪರೀಕ್ಷೆ ಮಾಡಿದರು. 2011ರಲ್ಲಿ ಆ ವರದಿ ಬಂತು. ಹಸಿವು ಏರಿಸುವ ಗ್ರೆಲಿನ್ ಹಾರ್ಮೋನು ವರ್ಷದ ನಂತರವೂ ಮೇಲೆಯೇ ಇತ್ತು. ಲೆಪ್ಟಿನ್ ಕೆಳಗೇ ಇತ್ತು. ಹಸಿವಾಗುತ್ತಿದೆ ಅಂತ ಅವರು ಹೇಳಿದ್ದು ಬರೀ ನೆಪ ಆಗಿರಲಿಲ್ಲ.

ಕೆಲಸಕ್ಕೆ ಮರಳಿದ ಮೇಲೆ

ಮತ್ತೆ ಕೇಹಿಲ್ ಅವರ ಕಡೆಗೆ ಬರೋಣ. ಅವರು ತಕ್ಷಣ ಎಲ್ಲವನ್ನೂ ಬಿಟ್ಟುಬಿಟ್ಟರು ಅಂತ ಅಂದುಕೊಂಡರೆ ತಪ್ಪು. ಸ್ಪರ್ಧೆ ಮುಗಿದ ಮೇಲೆ ನಾಲ್ಕು ವರ್ಷ ಅವರ ತೂಕ 116 ಕೆಜಿ ದಾಟಲಿಲ್ಲ. ಶುರುವಿಗಿಂತ ಸುಮಾರು 80 ಕೆಜಿ ಕಡಿಮೆ! ಅದಕ್ಕಾಗಿ ದಿನಕ್ಕೆ ಎರಡು ಮೂರು ಗಂಟೆ ವ್ಯಾಯಾಮ ಮಾಡುತ್ತಿದ್ದರು. ಆಮೇಲೆ ಸರ್ವೇಯರ್ ಕೆಲಸಕ್ಕೆ ಮರಳಿದರು. ತೂಕ ಏರಲು ಶುರುವಾಯಿತು. 120 ಕೆಜಿ ಆದಾಗ ಮತ್ತೆ ಊಟ ಅಳೆದು ತಿನ್ನತೊಡಗಿದರು, ವ್ಯಾಯಾಮ ಹೆಚ್ಚಿಸಿದರು, 107ರ ಹತ್ತಿರಕ್ಕೆ ಇಳಿಸಿದರು. ಮತ್ತೆ ಏರಿತು. 125, ಆಮೇಲೆ 134.

ಇಲ್ಲಿ ಬದಲಾದದ್ದು ಏನು? ಮನಸ್ಸಿನ ಗಟ್ಟಿತನ ಅಂತ ನನಗೆ ಒಪ್ಪಿಕೊಳ್ಳಲು ಆಗುವುದಿಲ್ಲ. ಕತ್ತಲಲ್ಲಿ ಹನ್ನೆರಡರ ತನಕ ಓಡಿದ ಮನುಷ್ಯನಿಗೆ ಛಲ ಇಲ್ಲ ಅಂತ ಯಾರು ಹೇಳುತ್ತಾರೆ? ಬದಲಾದದ್ದು ಅವರ ದಿನದ ಗಂಟೆಗಳು. ಸಂಸಾರ ಇದ್ದವರು ದುಡಿಯಲೇಬೇಕು. ದುಡಿಯಲು ಹೋದ ಗಂಟೆ ವ್ಯಾಯಾಮದ ಗಂಟೆಯಿಂದಲೇ ಹೋಗಬೇಕು. ಅವರು ತೂಕ ಇಳಿಸಿದ ದಾರಿ ಕೆಲಸ ಇಲ್ಲದ ಮನುಷ್ಯನಿಗೆ ಮಾತ್ರ ಹೊಂದುವಂಥದ್ದಾಗಿತ್ತು. ಅಲ್ಲೇ ಅದರ ದೋಷ ಇತ್ತು.

ಓಡಾಟಕ್ಕೆ ಎಷ್ಟು ಮಹತ್ವ ಇತ್ತು ಅನ್ನುವುದಕ್ಕೆ ಅಳತೆಯೂ ಇದೆ. 2017ರಲ್ಲಿ ಅದೇ ತಂಡ ಅದೇ 14 ಮಂದಿಯ ಇನ್ನೊಂದು ವರದಿ ಪ್ರಕಟಿಸಿತು. ತೂಕ ಕಾಪಾಡಿಕೊಂಡ ಅರ್ಧದಷ್ಟು ಜನರನ್ನು ಒಂದು ಕಡೆ, ಮರಳಿ ಪಡೆದವರನ್ನು ಇನ್ನೊಂದು ಕಡೆ ಇಟ್ಟು ನೋಡಿದರು. ಮೊದಲಿನವರು ಶುರುವಿನ ತೂಕಕ್ಕಿಂತ ಶೇ. 25ರಷ್ಟು ಕೆಳಗಿದ್ದರು. ಎರಡನೆಯವರು ಶುರುವಿನ ತೂಕಕ್ಕೇ ಬಂದು ನಿಂತಿದ್ದರು. ತಿನ್ನುವುದರಲ್ಲಿ ಎರಡೂ ಗುಂಪಿನ ನಡುವೆ ಗಟ್ಟಿಯಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಓಡಾಟದಲ್ಲಿ ಸಿಕ್ಕಿತು. ಕಾಪಾಡಿಕೊಂಡವರು ತಮ್ಮ ಓಡಾಟವನ್ನು ಶುರುವಿಗಿಂತ ಶೇ. 160ರಷ್ಟು ಹೆಚ್ಚಿಸಿಕೊಂಡಿದ್ದರು. ಉಳಿದವರು ಶೇ. 34ರಷ್ಟು. ತೂಕ ಮರಳದಂತೆ ತಡೆಯಲು ದಿನಕ್ಕೆ ಸುಮಾರು 80 ನಿಮಿಷ ಸಾಧಾರಣ ವ್ಯಾಯಾಮ, ಇಲ್ಲವೇ 35 ನಿಮಿಷ ಬಿರುಸಿನ ವ್ಯಾಯಾಮ ಬೇಕಾಗಬಹುದು ಅಂತ ತಂಡ ಅಂದಾಜು ಮಾಡಿತು.

14 ಮಂದಿ ಅಂದರೆ ತೀರಾ ಚಿಕ್ಕ ಗುಂಪು. ಓಡಾಟದಿಂದ ತೂಕ ನಿಂತಿತೋ, ತೂಕ ಕಡಿಮೆ ಇದ್ದವರಿಗೆ ಓಡಾಡಲು ಸುಲಭವಾಯಿತೋ, ಇದೊಂದರಿಂದಲೇ ಹೇಳಲಾಗದು. ಆದರೆ ಇದೇ ಮಾತು ಬೇರೆ ಕಡೆಯಿಂದಲೂ ಕೇಳಿಬರುತ್ತದೆ. ಅಮೆರಿಕದಲ್ಲಿ 1994ರಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಒಂದು ದಾಖಲೆ ಪುಸ್ತಕ ಶುರುಮಾಡಿದರು. ಕನಿಷ್ಠ 13.6 ಕೆಜಿ ಇಳಿಸಿ, ಒಂದು ವರ್ಷ ಉಳಿಸಿಕೊಂಡವರು ಮಾತ್ರ ಅದರಲ್ಲಿ ಸೇರಬಹುದು. ಈಗ ಅದರಲ್ಲಿ 10,000ಕ್ಕೂ ಹೆಚ್ಚು ಜನ ಇದ್ದಾರೆ. ಅವರು ತೂಕ ಇಳಿಸಿದ ದಾರಿಗಳು ನೂರೆಂಟು. ಉಳಿಸಿಕೊಂಡ ದಾರಿಯಲ್ಲಿ ಮಾತ್ರ ಹೋಲಿಕೆ ಇದೆ. ಹತ್ತರಲ್ಲಿ ಒಂಬತ್ತು ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ ಮಾಡುತ್ತಾರೆ. ನಾಲ್ಕರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ.

ಓಡಾಟಕ್ಕೆ ದೇಹ ಒಂದು ಬೆಲೆ ಕೇಳುವಂತೆಯೂ ಕಾಣುತ್ತದೆ. ಹಾಲ್ ತಮ್ಮದೇ ಲೆಕ್ಕವನ್ನು 2022ರಲ್ಲಿ ಇನ್ನೊಮ್ಮೆ ಕೆದಕಿ ಬರೆದರು. ಓಡಾಟ ಅತಿ ಹೆಚ್ಚು ಏರಿಸಿಕೊಂಡವರಲ್ಲೇ ವಿಶ್ರಾಂತಿಯ ಖರ್ಚು ಅತಿ ಹೆಚ್ಚು ಇಳಿದಿತ್ತು. ದೇಹ ಒಂದು ಕಡೆ ಜಾಸ್ತಿ ಖರ್ಚಾದರೆ ಇನ್ನೊಂದು ಕಡೆ ಉಳಿಸಲು ನೋಡುತ್ತದೆ ಅನ್ನುವ ವಾದ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ಅವರದ್ದು. ಸ್ಪರ್ಧಿಗಳ ಇಳಿದ ಖರ್ಚಿಗೂ ಅದೇ ಕಾರಣ ಇರಬಹುದು ಅಂತ ಹಾಲ್ ಬರೆದಿದ್ದಾರೆ. ಹಾಗೆ ನೋಡಿದರೆ ಆ 500 ಕ್ಯಾಲೊರಿ ಕುಸಿತ ಹಾಳಾದ ದೇಹದ ಗುರುತಲ್ಲ. ಇಷ್ಟೊಂದು ಓಡುವ ಬದುಕಿಗೆ ದೇಹ ಹೊಂದಿಕೊಂಡ ರೀತಿ. ನನಗೆ ಈ ವಿವರಣೆ ಹೆಚ್ಚು ಒಪ್ಪುತ್ತದೆ. ಕಾಪಾಡಿಕೊಂಡವರ ಖರ್ಚೇ ಯಾಕೆ ಜಾಸ್ತಿ ಇಳಿದಿತ್ತು ಅನ್ನುವ ಒಗಟು ಇದರಲ್ಲಿ ಬಿಡಿಸಿಕೊಳ್ಳುತ್ತದೆ.

ಬೇಗ ಇಳಿಸಿದ್ದು ತಪ್ಪಾ?

ಈ ಕಥೆ ಕೇಳಿದವರು ತಕ್ಷಣ ಹೇಳುವುದು: "ಅಷ್ಟು ಬೇಗ ಇಳಿಸಬಾರದಿತ್ತು, ನಿಧಾನವಾಗಿ ಇಳಿಸಿದ್ದರೆ ಉಳಿಯುತ್ತಿತ್ತು." ಹಿರಿಯರೂ ಹೇಳುತ್ತಾರೆ, ಡಾಕ್ಟರುಗಳೂ ಹೇಳುತ್ತಾರೆ. ಮೆಲ್ಬೋರ್ನಿನಲ್ಲೇ ಇದನ್ನೂ ಪರೀಕ್ಷಿಸಿದರು. 200 ಮಂದಿಯಲ್ಲಿ ಒಂದು ಗುಂಪು 12 ವಾರದಲ್ಲಿ, ಇನ್ನೊಂದು 36 ವಾರದಲ್ಲಿ ತೂಕ ಇಳಿಸಬೇಕು. ಇಳಿಸಿದವರನ್ನು ಸುಮಾರು ಮೂರು ವರ್ಷ ಹಿಂಬಾಲಿಸಿದರು. 2014ರ ಫಲಿತಾಂಶದಲ್ಲಿ ಬೇಗ ಇಳಿಸಿದವರೂ ನಿಧಾನವಾಗಿ ಇಳಿಸಿದವರೂ ಇಳಿದ ತೂಕದಲ್ಲಿ ಸುಮಾರು ಶೇ. 71ರಷ್ಟನ್ನು ಮರಳಿ ಪಡೆದಿದ್ದರು. ಎರಡೂ ಒಂದೇ.

ಹಾಗಂತ ಈ ಟಿವಿ ಸ್ಪರ್ಧೆಯ ವೇಗ ಸರಿ ಅಂತ ನಾನು ಹೇಳುತ್ತಿಲ್ಲ. ಅಷ್ಟು ಕಠಿಣವಾಗಿ ಇಳಿಸುವುದರಲ್ಲಿ ಬೇರೆ ಅಪಾಯಗಳಿವೆ. ಡಾಕ್ಟರ ನಿಗಾ ಇಲ್ಲದೆ ಯಾರೂ ಮಾಡಬಾರದು. ಆದರೆ ತೂಕ ಮರಳುವುದಕ್ಕೆ ವೇಗ ಒಂದೇ ಕಾರಣ ಅಂತ ಹೇಳಿ, ನಿಧಾನವಾಗಿ ಇಳಿಸಿದವರಿಗೆ ಸುಳ್ಳು ಧೈರ್ಯ ಕೊಡಬಾರದು. ನಿಧಾನವಾಗಿ ಇಳಿಸಿದವರಿಗೂ ಹಸಿವು ಬರುತ್ತದೆ. ಅವರಿಗೂ ಎರಡನೇ ಕೆಲಸ ಬಾಕಿ ಇರುತ್ತದೆ.

ಎರಡನೇ ಕೆಲಸ ಅಂತ ಯಾಕೆ ಹೇಳುತ್ತೇನೆ ಅಂದರೆ, ಇಳಿಸುವಾಗ ಪ್ರತಿ ವಾರ ಏನೋ ಒಂದು ಸಿಗುತ್ತದೆ. ತಕ್ಕಡಿಯ ಮುಳ್ಳು ಹಿಂದೆ ಬರುತ್ತದೆ, ಹಳೇ ಪ್ಯಾಂಟು ಹಿಡಿಸುತ್ತದೆ, ನಾಲ್ಕು ಜನ ಹೊಗಳುತ್ತಾರೆ. ಉಳಿಸಿಕೊಳ್ಳುವಾಗ ಅಂಥದ್ದೇನೂ ಇಲ್ಲ. ಅಷ್ಟೇ ಕಷ್ಟಪಟ್ಟರೂ ತಕ್ಕಡಿ ಅಲ್ಲೇ ನಿಂತಿರುತ್ತದೆ. ನಿಂತಿರುವುದೇ ಗೆಲುವು. ಅದನ್ನು ಯಾರೂ ಬಂದು ಹೊಗಳುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಂದರೆಯೂ ಇದೆ. ಹತ್ತು ಕೆಜಿ ಇಳಿಸಿಕೊಂಡು ಊರಿನ ಮದುವೆಗೆ ಹೋಗಿ ನೋಡಿ. "ಏನ್ರೀ, ಇಷ್ಟೊಂದು ಸೊರಗಿದ್ದೀರಿ, ಶುಗರ್ ಬಂತಾ?" ಅಂತ ಕೇಳುತ್ತಾರೆ. ಅದೂ ಪ್ರೀತಿಯಿಂದಲೇ. ಎಲೆಗೆ ಎರಡನೇ ಹೋಳಿಗೆ ಬೀಳುವುದೂ ಅದೇ ಪ್ರೀತಿಯಿಂದ. ಮನೆಯಲ್ಲಿ ಅಡುಗೆ ಮಾಡುವ ಹೆಂಗಸೇ ತೂಕ ಕಾಪಾಡಿಕೊಳ್ಳುತ್ತಿದ್ದರೆ ಇನ್ನೂ ಕಷ್ಟ. ದಿನಕ್ಕೆ ಮೂರು ಸಲ ಎಲ್ಲರಿಗೂ ರುಚಿಯಾಗಿ ಮಾಡಿ ಬಡಿಸಿ, ತಾನು ಮಾತ್ರ ಹಸಿವು ಅದುಮಿಕೊಂಡು ಅಳೆದು ತಿನ್ನಬೇಕು. ಒಂದು ಕೆಜಿಗೆ 100 ಕ್ಯಾಲೊರಿ ಹಸಿವು ಅಂತ ಮನೆಯವರಿಗೆ ಗೊತ್ತಿದ್ದರೆ ಅಡುಗೆಮನೆಯ ಹೊಣೆಯನ್ನು ಸ್ವಲ್ಪವಾದರೂ ಹಂಚಿಕೊಂಡಾರು. ಬೆಳಗ್ಗೆ ಅವರಿಗೆ ನಡೆಯಲು ಹೋಗಲು ಒಂದು ಗಂಟೆ ಬಿಡುವು ಮಾಡಿಕೊಟ್ಟಾರು. ಆ ಒಂದು ಗಂಟೆಗೆ ಎಷ್ಟು ಬೆಲೆ ಅಂತ ಕೇಹಿಲ್ ಅವರ ಉದಾಹರಣೆಯಲ್ಲೇ ನೋಡಿದೆವಲ್ಲ.

ಹಾಗಾದರೆ ಏನು ಮಾಡಬೇಕಿತ್ತು

ಕೇಹಿಲ್ ಅವರಿಗೆ ಸ್ಪರ್ಧೆಯಲ್ಲಿ ಟ್ರೇನರುಗಳಿದ್ದರು, ಕ್ಯಾಮೆರಾಗಳಿದ್ದವು, ಬಹುಮಾನ ಇತ್ತು. ಕೆಲಸಕ್ಕೆ ಮರಳಿದ ವಾರ ಇವು ಯಾವುದೂ ಇರಲಿಲ್ಲ. ಆ ವಾರಕ್ಕೇ ಸಹಾಯ ಬೇಕಿತ್ತು. ನನ್ನ ಪ್ರಕಾರ ಡಯಟ್ ಶುರುಮಾಡುವ ಮುಂಚೆಯೇ ಆ ವಾರದ ಯೋಜನೆ ಕಾಗದದ ಮೇಲೆ ಇರಬೇಕು. ಕೆಲಸ, ಮಕ್ಕಳ ಪರೀಕ್ಷೆ, ಮಳೆಗಾಲ, ಹಬ್ಬದ ತಿಂಗಳು ಎಲ್ಲ ಸೇರಿದ ಮಾಮೂಲಿ ವರ್ಷದಲ್ಲಿ ನನಗೆ ದಿನಕ್ಕೆ ಎಷ್ಟು ನಿಮಿಷ ನಡೆಯಲು ಸಿಗುತ್ತದೆ? 40 ನಿಮಿಷ ಅಂತಾದರೆ ಆ 40 ನಿಮಿಷ ಹಿಡಿದಿಡಬಲ್ಲ ತೂಕವನ್ನೇ ಗುರಿ ಮಾಡಿಕೊಳ್ಳುವುದು ಒಳ್ಳೆಯದು. 20 ಕೆಜಿ ಇಳಿಸಿ 18 ಮರಳಿ ಪಡೆದು ಮನಸ್ಸು ಮುರಿದುಕೊಳ್ಳುವುದಕ್ಕಿಂತ ಎಂಟು ಕೆಜಿ ಇಳಿಸಿ ಎಂಟನ್ನೂ ಉಳಿಸಿಕೊಂಡರೆ ಸಕ್ಕರೆ, ಬಿಪಿ, ಮಂಡಿ ನೋವಿಗೆ ಅದರಿಂದಲೇ ಉಪಯೋಗ ಇದೆ.

ಎಚ್ಚರಿಕೆ ಎಲ್ಲಿ ಶುರುವಾಗಬೇಕು ಅನ್ನುವುದಕ್ಕೂ ಒಂದು ಪ್ರಯೋಗ ಇದೆ. ರೀನಾ ವಿಂಗ್ ತಂಡ ಈಗಾಗಲೇ ತೂಕ ಇಳಿಸಿದ್ದ 314 ಮಂದಿಯನ್ನು ತೆಗೆದುಕೊಂಡು, ಉಳಿಸಿಕೊಳ್ಳುವುದನ್ನಷ್ಟೇ ಕಲಿಸಿತು. ದಿನವೂ ತೂಕ ನೋಡಿಕೊಳ್ಳಬೇಕು. ಪ್ರಯೋಗಕ್ಕೆ ಸೇರಿದ ದಿನದ ತೂಕಕ್ಕಿಂತ ಸುಮಾರು 1.4 ಕೆಜಿ ಏರುವ ತನಕ ಹಸಿರು, ಅದರ ಮೇಲೆ ಹಳದಿ, 2.3 ಕೆಜಿ ಮುಟ್ಟಿದರೆ ಕೆಂಪು. ಕೆಂಪಿಗೆ ಬಂದ ದಿನವೇ ಇಳಿಸುವ ದಿನಗಳ ಊಟಕ್ಕೆ ಮರಳಬೇಕು, ಸಹಾಯ ಕೇಳಬೇಕು. 18 ತಿಂಗಳಲ್ಲಿ 2.3 ಕೆಜಿ ಅಥವಾ ಜಾಸ್ತಿ ಏರಿದವರು, ಬರೀ ಕರಪತ್ರ ಪಡೆದವರಲ್ಲಿ ಶೇ. 72. ಮುಖಾಮುಖಿ ಗುಂಪಿನಲ್ಲಿ ಕೂತು ಕಲಿತವರಲ್ಲಿ ಶೇ. 46. 2006ರಲ್ಲಿ ಇದು ಪ್ರಕಟವಾಯಿತು. ಕೇಹಿಲ್ ಅವರು ಊಟ ಅಳೆಯಲು ಮತ್ತೆ ಶುರುಮಾಡಿದ್ದು 120 ಕೆಜಿ ಮುಟ್ಟಿದ ಮೇಲೆ. ಅಷ್ಟರಲ್ಲಿ ನಾಲ್ಕೂವರೆ ಕೆಜಿ ಏರಿಯಾಗಿತ್ತು. ತಿದ್ದುವುದು ಎರಡು ಕೆಜಿಯಲ್ಲಿ ಸುಲಭ, ನಂತರ ಕಷ್ಟ. ಆದರೆ ದಿನವೂ ತಕ್ಕಡಿ ಹತ್ತಿದರೆ ಮನಸ್ಸು ಕೆಡುವವರೂ ಇದ್ದಾರೆ. ಊಟದ ವಿಷಯದಲ್ಲಿ ಆತಂಕದ ಕಾಯಿಲೆ ಇದ್ದವರು ಇದನ್ನು ಮಾಡಬಾರದು. ಅವರಿಗೆ ಹಳೇ ಪ್ಯಾಂಟಿನ ಸೊಂಟವೇ ಸಾಕು.

ಇನ್ನು ತೂಕ ಇಳಿಸುವ ಹೊಸ ಇಂಜೆಕ್ಷನ್ನುಗಳು. ಮೌಂಜಾರೋ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ಅದೇ ವರ್ಷ ವೆಗೋವಿಯೂ ಬಂತು. ಇವು ಮುಖ್ಯವಾಗಿ ಹಸಿವನ್ನೇ ತಗ್ಗಿಸುತ್ತವೆ. ಕೆಜಿಗೆ 100 ಕ್ಯಾಲೊರಿ ಅನ್ನುವ ಆ ಎಳೆತವನ್ನೇ ಸಡಿಲ ಮಾಡುತ್ತವೆ. ಹಾಗಾಗಿಯೇ ಇಷ್ಟು ಪರಿಣಾಮ. ಆದರೆ ನಿಲ್ಲಿಸಿದರೆ? ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಔಷಧಿಯನ್ನು 20 ವಾರ ಕೊಟ್ಟು, ಆಮೇಲೆ ಒಂದು ಗುಂಪಿಗೆ ಗೊತ್ತಾಗದಂತೆ ನಿಲ್ಲಿಸಿದ ಪ್ರಯೋಗದ ವರದಿ 2021ರಲ್ಲಿ ಬಂತು. ಮುಂದುವರಿಸಿದವರ ತೂಕ ಇನ್ನೂ ಶೇ. 8ರಷ್ಟು ಇಳಿಯಿತು. ನಿಲ್ಲಿಸಿದವರದ್ದು ಶೇ. 7ರಷ್ಟು ಏರಿತು. ಅವರೂ ಊಟ, ವ್ಯಾಯಾಮದ ಸಲಹೆ ಪಡೆಯುತ್ತಲೇ ಇದ್ದರು.

ಬಿಪಿ ಮಾತ್ರೆ ನಿಲ್ಲಿಸಿ ಬಿಪಿ ಏರಿದರೆ ಯಾರೂ ರೋಗಿಯನ್ನು ಬೈಯುವುದಿಲ್ಲ. ತೂಕದ ವಿಷಯದಲ್ಲಿ ಬೈಯುತ್ತೇವೆ. ಇಂಜೆಕ್ಷನ್ ಶುರುಮಾಡುವವರು ಮೊದಲ ದಿನವೇ ಡಾಕ್ಟರನ್ನು ಮೂರು ವಿಷಯ ಕೇಳಬೇಕು. ಇದನ್ನು ಎಷ್ಟು ಕಾಲ ತೆಗೆದುಕೊಳ್ಳಬೇಕು, ಅಷ್ಟು ಕಾಲದ ಖರ್ಚು ನನ್ನ ಕೈಲಿ ಆಗುತ್ತದೆಯೇ, ನಿಲ್ಲಿಸುವ ಕಾಲ ಬಂದರೆ ಹಸಿವು ಮರಳುವ ಆ ತಿಂಗಳುಗಳಲ್ಲಿ ನನ್ನ ಜೊತೆ ಯಾರಿರುತ್ತಾರೆ. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ, ಸಿಗುವ ತನಕ ಕೇಳುತ್ತಲೇ ಇರಬೇಕು.